ಮೋಟರ್‌ಹೋಮ್ ಹಿಂದೆ ಎರಡು ಎಲೆಕ್ಟ್ರಿಕ್ ಸೈಕಲ್: ಸ್ಟಿಕ್ಕರ್ ಮೇಲಿನ 60 ಕೆಜಿ ನಂಬಬಹುದಾ?

ಪ್ರಶ್ನೆ (ಸ್ಟುಟ್‌ಗಾರ್ಟ್ ಹತ್ತಿರದ ಸದಸ್ಯೆ):

ನಮಸ್ಕಾರ ಸರ್. ಹೋದ ವರ್ಷ ಒಂದು ಹಳೆಯ ಮೋಟರ್‌ಹೋಮ್ ಕೊಂಡೆವು, ಒಳಗೆ ಮಲಗಲು, ಅಡುಗೆ ಮಾಡಲು ಜಾಗ ಇರುವ ಗಾಡಿ. ಫಿಯಟ್ ಡುಕಾಟೊ ವ್ಯಾನ್ ಮೇಲೆ ಕಟ್ಟಿದ್ದು, ಒಟ್ಟು ತೂಕದ ಮಿತಿ 3.5 ಟನ್. ಹಿಂದಿನ ಗೋಡೆಗೆ ಸೈಕಲ್ ರ‍್ಯಾಕ್ ಇದೆ. ಅದರ ಸ್ಟಿಕ್ಕರ್ ಮೇಲೆ 60 ಕೆಜಿ ಅಂತ ಬರೆದಿದೆ. ನಮ್ಮ ಎಲೆಕ್ಟ್ರಿಕ್ ಸೈಕಲ್‌ಗಳು ಒಂದು 27 ಕೆಜಿ, ಇನ್ನೊಂದು 25. ಲೆಕ್ಕ ಸರಿ ಇದೆ ಅಲ್ವಾ? ಜೂನ್‌ನಲ್ಲಿ ಬ್ರೆನ್ನರ್ ಘಾಟಿ ದಾಟಿ ಇಟಲಿಯ ಗಾರ್ಡಾ ಸರೋವರಕ್ಕೆ ಹೊರಟಿದ್ದೇವೆ. ಊರಿಂದ ಅತ್ತೆ ಮಾವನೂ ಬರುತ್ತಿದ್ದಾರೆ, ಒಟ್ಟು ನಾಲ್ಕು ಜನ. ಇನ್ನೊಂದು ವಿಷಯ, ರ‍್ಯಾಕ್‌ನ ಮೇಲಿನ ಬಲಗಡೆ ಬೋಲ್ಟ್ ಪಕ್ಕ ಕೂದಲೆಳೆಯಷ್ಟು ಬಿರುಕು ಕಾಣುತ್ತಿದೆ. ನಮ್ಮ ಯಜಮಾನರು ಅದು ಬರೀ ಪೇಂಟ್ ಅನ್ನುತ್ತಾರೆ.

ಉತ್ತರ (ಮೋಟರ್‌ಹೋಮ್ ವರ್ಕ್‌ಶಾಪ್ ಮೆಕ್ಯಾನಿಕ್, ಜರ್ಮನಿ):

ಮೇಡಂ, ಮೊದಲು ಬಿರುಕಿನ ಮಾತು. ಅದು ಏನು ಅಂತ ಗೊತ್ತಾಗುವವರೆಗೆ ಆ ರ‍್ಯಾಕ್ ಮೇಲೆ ಏನೂ ಇಡಬೇಡಿ. ಇಂಥ ಗಾಡಿಯ ಗೋಡೆ ಗಟ್ಟಿ ಕಬ್ಬಿಣದ್ದಲ್ಲ. ಹೊರಗೆ ಫೈಬರ್ ಅಥವಾ ಅಲ್ಯೂಮಿನಿಯಂ ಹಾಳೆ, ಒಳಗೆ ತೆಳು ಪ್ಲೈವುಡ್, ನಡುವೆ ಥರ್ಮಾಕೋಲ್ ತರಹದ ಫೋಮ್. ಇಡೀ ರ‍್ಯಾಕ್ ಈ ಗೋಡೆಗೇ ಜೋತುಬಿದ್ದಿರುತ್ತದೆ.

ಒಳಗಡೆ ಹಿಂದಿನ ಕಪಾಟು ಖಾಲಿ ಮಾಡಿ. ಟಾರ್ಚ್ ಹಿಡಿದು ಆ ಬೋಲ್ಟ್‌ನ ಒಳತುದಿ ಹುಡುಕಿ. ಸುತ್ತಲಿನ ಪ್ಲೈವುಡ್ ಮೇಲೆ ಹೆಬ್ಬೆರಳಿಂದ ಜೋರಾಗಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಒಳ್ಳೆಯದು. ಮೆತ್ತಗೆ ಒಳಗೆ ಹೋದರೆ, ಅಥವಾ ಕಂದು ಕಲೆ ಕಂಡರೆ, ನೀರು ಇಳಿದಿದೆ ಅಂತ ಅರ್ಥ. ಬೋಲ್ಟ್ ಹಿಂದೆ ಅಗಲವಾದ ಲೋಹದ ಪಟ್ಟಿ ಇದೆಯಾ ಅಂತಲೂ ನೋಡಿ. ಹಳೆಯ ಗಾಡಿಗಳಲ್ಲಿ ಬರೀ ನಾಣ್ಯದಷ್ಟು ವಾಷರ್ ಹಾಕಿ ಬಿಟ್ಟಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಾಮೂಲಿ ಸೈಕಲ್ ಇದ್ದಾಗ ಅದು ಹೇಗೋ ತಡೆಯಿತು. ಎಲೆಕ್ಟ್ರಿಕ್ ಸೈಕಲ್ ಹೆಚ್ಚುಕಮ್ಮಿ ಅದರ ಎರಡರಷ್ಟು ತೂಗುತ್ತದೆ, ಪ್ರತಿ ಗುಂಡಿಗೂ ಬೋಲ್ಟನ್ನು ಜಗ್ಗುತ್ತದೆ.

ಇನ್ನು 60 ಕೆಜಿ. ಅದು ರ‍್ಯಾಕ್ ಹೊರುವ ಭಾರ. ನಿಮ್ಮ ಗಾಡಿ ಹೊರುವುದು ಬೇರೆ ಲೆಕ್ಕ. ಎತ್ತಿನ ಗಾಡಿಯ ಹಿಂದೆ ಮೂಟೆ ಜಾಸ್ತಿ ಆದರೆ ನೊಗ ಮೇಲೆ ಏಳುತ್ತದಲ್ಲ, ಇಲ್ಲೂ ಅದೇ ಆಗುತ್ತದೆ. ಎರಡು ಸೈಕಲ್ 52 ಕೆಜಿ, ರ‍್ಯಾಕ್ ಒಂದು 12 ಅಂದುಕೊಳ್ಳಿ, ಒಟ್ಟು 64. ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 4 ಮೀಟರ್, ಹಿಂದಿನ ಚಕ್ರದಿಂದ ಸೈಕಲ್‌ಗೆ 2.5 ಮೀಟರ್ ಇದ್ದರೆ, ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಮೇಲೆ ಬೀಳುವುದು 64 ಅಲ್ಲ, 104 ಕೆಜಿ. ಮುಂದೆ 40 ಕೆಜಿ ಹಗುರಾಗುತ್ತದೆ. ಡುಕಾಟೊದಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರವನ್ನೇ. ಮಳೆಯಲ್ಲಿ, ಏರಿನಲ್ಲಿ ಹಿಡಿತ ಕಡಿಮೆಯಾಗುವುದು ಇದಕ್ಕೇ.

ಹಾಗಾಗಿ ತೂಕ ಹಾಕಿಸಲೇಬೇಕು. ನಾಲ್ಕೂ ಜನ ಕೂತು, ನೀರು ತುಂಬಿಸಿ, ಸಾಮಾನು ಹೇರಿಕೊಂಡು ವೇ ಬ್ರಿಡ್ಜ್‌ಗೆ ಹೋಗಿ. ಒಟ್ಟು ತೂಕದ ಜೊತೆ ಹಿಂದಿನ ಆಕ್ಸಲ್ ಬೇರೆಯಾಗಿ ತೂಗಿಸಿ. ಅದರ ಮಿತಿ ನೋಂದಣಿ ಪತ್ರದ 8.2 ಸಾಲಿನಲ್ಲಿ ಇರುತ್ತದೆ. ನಿಮ್ಮಂಥ ಗಾಡಿಗೆ ಸಾಮಾನ್ಯವಾಗಿ 2000 ಕೆಜಿ.

ಸೈಕಲ್ ಏರಿಸುವ ಮೊದಲು ಬ್ಯಾಟರಿ ಬಿಚ್ಚಿ. ಒಂದೊಂದು 3.5 ಕೆಜಿ ಅಂದರೂ ಹಿಂದಿನಿಂದ 7 ಕೆಜಿ ಇಳಿಯಿತು. ಒಳಗೆ ಮುಂದಿನ ಸೀಟಿನ ಹಿಂದೆ, ನೆಲದ ಮೇಲೆ, ಬಿಸಿಲು ಬೀಳದ ಕಡೆ ಅಲುಗಾಡದಂತೆ ಇಡಿ. ಬ್ಯಾಟರಿ ಕೂರುವ ಜಾಗದ ಪಿನ್‌ಗಳಿಗೆ ಮುಚ್ಚಳ ಹಾಕಿ, ಚಕ್ರದಿಂದ ಹಾರುವ ಕೊಳೆ ನೀರು ಅಲ್ಲಿಗೇ ಹೋಗುತ್ತದೆ. ಭಾರದ ಸೈಕಲ್ ಗೋಡೆ ಕಡೆಗಿರಲಿ, ಎರಡನೆಯದನ್ನು ಹಿಂದುಮುಂದಾಗಿ ಇಡಿ. ಕ್ಲಾಂಪ್ ಕೆಳಗೆ ಕೇಬಲ್ ಸಿಕ್ಕಿಕೊಳ್ಳಬಾರದು. ಕಾರ್ಬನ್ ಫ್ರೇಮ್ ಆದರೆ ಸುಮ್ನೆ ಬಿಗಿಯಬೇಡಿ, ಫ್ರೇಮ್ ಒಡೆಯುತ್ತದೆ. ಚಕ್ರಗಳನ್ನು ಕಟ್ಟಿದ ಮೇಲೂ ಎರಡೂ ಸೈಕಲ್ ಸೇರಿಸಿ ರ‍್ಯಾಕ್‌ಗೆ ಒಂದು ಗಟ್ಟಿ ಬೆಲ್ಟ್ ಸುತ್ತಿ. 50 ಕಿಲೋಮೀಟರ್ ಆದಮೇಲೆ ನಿಲ್ಲಿಸಿ ಎಲ್ಲವನ್ನೂ ಮತ್ತೆ ಬಿಗಿ ಮಾಡಿ.

ಇಟಲಿಯಲ್ಲಿ ಹಿಂದೆ ಚಾಚಿದ ಸಾಮಾನಿಗೆ 50×50 ಸೆಂಟಿಮೀಟರ್‌ನ ಕೆಂಪು ಬಿಳಿ ಪಟ್ಟೆಯ ಫಲಕ ಕಡ್ಡಾಯ. ನಂಬರ್ ಪ್ಲೇಟ್, ಲೈಟ್ ಮುಚ್ಚಬಾರದು.

ಇನ್ನೊಬ್ಬ ಸದಸ್ಯರು (ಇಂಗ್ಲೆಂಡ್):

ಸರ್, ಮಳೆ ಬಂದರೆ ಅಂತ ನಾವು ಸೈಕಲ್‌ಗೆ ಕವರ್ ಹಾಕಿಕೊಂಡೇ ಓಡಿಸುತ್ತೇವೆ. ತಪ್ಪಾ?

ಉತ್ತರ:

ಗಾಡಿ ನಿಂತಾಗ ಹಾಕಿ, ಓಡುವಾಗ ಬೇಡ. ಗಾಳಿ ತುಂಬಿಕೊಂಡರೆ ಕವರ್ ಹಾಯಿಯ ಹಾಗೆ ಉಬ್ಬುತ್ತದೆ. ಆ ಎಳೆತವೂ ಅದೇ ಬೋಲ್ಟ್‌ಗಳ ಮೇಲೆ ಬೀಳುತ್ತದೆ. ಹಿಂದಿನ ಲೈಟ್ ಕೂಡ ಮರೆಯಾಗಬಹುದು. ಕೆಲವು ಕವರ್‌ಗಳನ್ನು ಪ್ರಯಾಣಕ್ಕೆ ಅಂತಲೇ ಮಾಡಿರುತ್ತಾರೆ. ಅಂಥದ್ದಾದರೂ ನಿಮ್ಮ ರ‍್ಯಾಕ್‌ನ ಕೈಪಿಡಿ ಒಪ್ಪುತ್ತದಾ ನೋಡಿ. ಸೈಕಲ್ ಮಳೆಯಲ್ಲಿ ನೆನೆದರೆ ಪರವಾಗಿಲ್ಲ. ಪ್ರೆಷರ್ ವಾಷರ್ ಮಾತ್ರ ಮೋಟರ್ ಹತ್ತಿರ ತರಬೇಡಿ.

ಪ್ರಶ್ನೆ ಕೇಳಿದ ಸದಸ್ಯೆ:

ಸರ್, ಕಪಾಟು ಖಾಲಿ ಮಾಡಿ ನೋಡಿದೆ. ಹೆಬ್ಬೆರಳು ಒತ್ತಿದ ಕಡೆ ಪ್ಲೈವುಡ್ ನೆನೆದ ರಟ್ಟಿನ ಹಾಗೆ ತಗ್ಗಾಯಿತು. ಕೈಗೆ ಮುಗ್ಗಲು ವಾಸನೆ. ಅತ್ತೆ ಮಾವನಷ್ಟೇ ತೂಕದ ನೀರಿನ ಕ್ಯಾನ್ ಸೀಟಲ್ಲಿ ಇಟ್ಟು ತೂಕವನ್ನೂ ಹಾಕಿಸಿದೆವು. ಸೈಕಲ್ ಇಲ್ಲದೆ ಒಟ್ಟು 3430, ಹಿಂದಿನ ಆಕ್ಸಲ್ 1950. 8.2ರಲ್ಲಿ 2000 ಅಂತಲೇ ಇದೆ.

ಉತ್ತರ:

ನೋಡಿ, ಒಟ್ಟು ತೂಕ ನೋಡಿದರೆ ಎಲ್ಲ ಸರಿ ಅನ್ನಿಸುತ್ತದೆ. ಬ್ಯಾಟರಿ ಬಿಚ್ಚಿದ ಎರಡೂ ಸೈಕಲ್ ಸೇರಿ 45 ಕೆಜಿ, ರ‍್ಯಾಕ್ ತೂಕ ನೀವು ತೂಗಿಸಿದ್ದರಲ್ಲೇ ಸೇರಿದೆ. ಅದರಿಂದ ಹಿಂದಿನ ಆಕ್ಸಲ್‌ಗೆ ಸೇರುವುದು ಸುಮಾರು 73. ಅಲ್ಲಿಗೆ 2020 ದಾಟಿತು. ಡಿಕ್ಕಿಯ ಕುರ್ಚಿ, ಅಕ್ಕಿ ಬೇಳೆ ಡಬ್ಬ ಎಲ್ಲ ಮುಂದಕ್ಕೆ ಸರಿಸಿದರೆ ಅದು ಮಿತಿಯೊಳಗೆ ಬರಬಹುದು. ಆದರೆ ಗೋಡೆ ಕೊಳೆತಿದೆಯಲ್ಲ ಮೇಡಂ. ಮೊದಲು ರ‍್ಯಾಕ್ ಬಿಚ್ಚಿಸಿ, ಎಷ್ಟು ದೂರ ನೆನೆದಿದೆ ಅಂತ ತೇವ ಅಳೆಸಿ. ಹಾಳಾದ ಭಾಗ ತೆಗೆದು ಹೊಸದು ಕೂರಿಸಿ, ಒಳಗೆ ಪಟ್ಟಿ ಕೊಟ್ಟು, ಬೋಲ್ಟ್ ಸುತ್ತ ನೀರು ತಡೆಯುವ ಸೀಲೆಂಟ್ ಹಾಕಿಸಿ. ಬರೀ ಹೊರಗಿಂದ ಸೀಲೆಂಟ್ ಮೆತ್ತಿಸಿದರೆ ನೀರು ಒಳಗೇ ಉಳಿಯುತ್ತದೆ. ಜೂನ್ ಒಳಗೆ ಈ ಕೆಲಸ ಮುಗಿಯದಿದ್ದರೆ ಈ ಸಲ ಸೈಕಲ್ ಮನೆಯಲ್ಲೇ ಇರಲಿ. ಗಾರ್ಡಾದ ರೀವಾ, ಟೊರ್ಬೊಲೆ ಎರಡೂ ಕಡೆ ಎಲೆಕ್ಟ್ರಿಕ್ ಸೈಕಲ್ ಬಾಡಿಗೆಗೆ ಸಿಗುತ್ತದೆ.