ಸಮತಟ್ಟಾದ ಕಾಡು, ಹೊಳೆ, ಬುಗ್ಗೆ: ಹಾದಿ ನಿಜಕ್ಕೂ ಸುಲಭವೇ ಎಂದು ಹೊರಡುವ ಮೊದಲೇ ತಿಳಿಯುವುದು ಹೇಗೆ?

ನಿಧಾನನಡಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಮೂವರು ಒಟ್ಟಿಗೆ ನಡೆಯುವವರು: ನಾನು, 68 ವರ್ಷದ ನನ್ನ ಅಮ್ಮ ಮತ್ತು 9 ವರ್ಷದ ಮಗಳು. ಅಮ್ಮನಿಗೆ ಮಂಡಿನೋವು ಇರುವುದರಿಂದ ಏರು ಹತ್ತುವುದು ಕಷ್ಟ, ಇಳಿಜಾರು ಇಳಿಯುವುದು ಇನ್ನೂ ಕಷ್ಟ. ಆದರೆ ಮಟ್ಟಸವಾದ ನೆಲದ ಮೇಲೆ ಎರಡು ಗಂಟೆ ಸರಾಗವಾಗಿ ನಡೆಯುತ್ತಾರೆ. ಮಗಳಿಗೆ ನೀರು ಕಂಡರೆ ಸಾಕು. ಹೀಗಾಗಿ ಬೆಟ್ಟದ ಚಾರಣವನ್ನು ಬಿಟ್ಟು, ಸಮತಟ್ಟಾದ ಕಾಡಿನೊಳಗೆ ಹೊಳೆಯ ಬದಿಯಲ್ಲಿ ಸಾಗಿ ಯಾವುದಾದರೂ ನೈಸರ್ಗಿಕ ಬುಗ್ಗೆಯ ಬಳಿ ಮುಗಿಯುವ ಹಾದಿಗಳನ್ನೇ ನಾವು ಹುಡುಕುತ್ತೇವೆ.

ಕಳೆದ ಬಾರಿ ‘ಸುಲಭ, ಸಮತಟ್ಟು, 8 ಕಿಲೋಮೀಟರ್’ ಎಂಬ ವಿವರಣೆಯನ್ನು ನಂಬಿ ಹೊರಟೆವು. ಏರಿಳಿತವೇನೋ ಇರಲಿಲ್ಲ. ಆದರೆ ಮೊದಲ ಭಾಗದುದ್ದಕ್ಕೂ ಕಾಲು ಹೂತುಹೋಗುವ ಮರಳು, ನಡುವೆ ನೀರು ನಿಂತ ತಗ್ಗು, ಕೊನೆಯಲ್ಲಿ ಪಾಚಿಗಟ್ಟಿ ಜಾರುತ್ತಿದ್ದ ಹಲಗೆಯ ಹಾದಿ ಸಿಕ್ಕಿ, ಎರಡೂವರೆ ಗಂಟೆಯ ನಡಿಗೆಗೆ ಐದು ಗಂಟೆ ಹಿಡಿಯಿತು. ಅಮ್ಮ ಏನೂ ಹೇಳಲಿಲ್ಲ, ಆದರೆ ಮರುದಿನ ಹಾಸಿಗೆಯಿಂದ ಏಳಲಿಲ್ಲ.

ಹೊರಡುವ ಮೊದಲು ನಾನು ಏನನ್ನು ನೋಡಬೇಕಿತ್ತು? ಬುಗ್ಗೆಯ ಹತ್ತಿರ ಮಗುವನ್ನು ಎಷ್ಟು ದೂರದವರೆಗೆ ಬಿಡಬಹುದು ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ನಕ್ಷೆಗಣ್ಣು

ವಿವರಣೆ ಬರೆದವರು ಸುಳ್ಳು ಹೇಳಿದ್ದಾರೆಂದು ನನಗೆ ಅನಿಸುವುದಿಲ್ಲ. ಅವರು ಅಳೆದದ್ದು ಏರನ್ನು ಮಾತ್ರ. ಎಷ್ಟು ಮೀಟರ್ ಹತ್ತಬೇಕು ಎಂಬುದರ ಮೇಲೆಯೇ ಹಾದಿಯ ಕಷ್ಟವನ್ನು ನಿರ್ಧರಿಸುವ ರೂಢಿ ಬೆಟ್ಟ ಹತ್ತುವವರಿಂದ ಬಂದದ್ದು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ, ಇಂದಿಗೂ ಬಳಕೆಯಲ್ಲಿರುವ ಲೆಕ್ಕವೂ ಅಂಥದ್ದೇ: ಪ್ರತಿ 3 ಮೈಲಿಗೆ, ಅಂದರೆ ಸುಮಾರು 5 ಕಿಲೋಮೀಟರಿಗೆ, ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಸಮತಟ್ಟಾದ ಕಾಡಿನಲ್ಲಿ ಎರಡನೆಯ ಭಾಗ ಸೊನ್ನೆಯಾಗುವುದರಿಂದ ಹಾದಿ ಕಾಗದದ ಮೇಲೆ ತೀರ ಸುಲಭವಾಗಿ ಕಾಣುತ್ತದೆ. ಆ ಲೆಕ್ಕ ದೃಢಕಾಯರಾದ ವಯಸ್ಕರದ್ದು. ನಿಮ್ಮ ಮೂವರಿಗೆ ಗಂಟೆಗೆ 3 ಕಿಲೋಮೀಟರ್, ಮರಳಿದ್ದರೆ 2 ಎಂದು ಹಿಡಿದು ಹೊರಡಿ.

ಸಮತಟ್ಟಾದ ಕಾಡಿನಲ್ಲಿ ಕಷ್ಟವನ್ನು ನಿರ್ಧರಿಸುವುದು ನೀರು. ಬೆಟ್ಟದಲ್ಲಿ ಅರ್ಧ ಮೀಟರ್ ಎತ್ತರದ ವ್ಯತ್ಯಾಸವನ್ನು ಯಾರೂ ಗಮನಿಸುವುದಿಲ್ಲ. ಬಯಲಿನ ಕಾಡಿನಲ್ಲಿ ಒಣ ನೆಲ ಎಲ್ಲಿ ಮುಗಿದು ಜೌಗು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಆ ಅರ್ಧ ಮೀಟರೇ ತೀರ್ಮಾನಿಸುತ್ತದೆ, ಮತ್ತು ನಕ್ಷೆಯ ಕಾಂಟೂರ್ ರೇಖೆಗಳಿಗೆ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿಗೆ) ಅಷ್ಟು ಸಣ್ಣ ವ್ಯತ್ಯಾಸ ಸಾಮಾನ್ಯವಾಗಿ ಸಿಕ್ಕುವುದೇ ಇಲ್ಲ. ಅಮೆರಿಕದ ಫ್ಲೋರಿಡಾ ಟ್ರೇಲ್ ಇದಕ್ಕೆ ಒಳ್ಳೆಯ ಉದಾಹರಣೆ. 1983ರಲ್ಲಿ ರಾಷ್ಟ್ರೀಯ ರಮ್ಯ ಹಾದಿಯೆಂದು ಘೋಷಿತವಾದ, ಸುಮಾರು 2,400 ಕಿಲೋಮೀಟರ್ ಉದ್ದದ ಈ ಹಾದಿ ಬಹುಪಾಲು ಮಟ್ಟಸ ನೆಲದಲ್ಲೇ ಸಾಗುತ್ತದೆ. ಹಾಗಿದ್ದರೂ ಅದರ ದಕ್ಷಿಣ ತುದಿಯ ಬಿಗ್ ಸೈಪ್ರಸ್ ಭಾಗದಲ್ಲಿ ನೀರೊಳಗೇ ಕಾಲೆಳೆಯುತ್ತ ನಡೆಯಬೇಕಾಗುವುದರಿಂದ ಪಳಗಿದ ಚಾರಣಿಗರೂ ಅದನ್ನು ಕಠಿಣವೆಂದೇ ಹೇಳುತ್ತಾರೆ. ಎಸ್ಟೋನಿಯಾದ ಸೋಮಾ ರಾಷ್ಟ್ರೀಯ ಉದ್ಯಾನದಲ್ಲಿ ಹಿಮ ಕರಗಿದಾಗ ಹೊಳೆಗಳು ಉಕ್ಕಿ ಕಾಡು, ಹುಲ್ಲುಗಾವಲು, ರಸ್ತೆ ಎಲ್ಲವೂ ಮುಳುಗುತ್ತವೆ. ಅಲ್ಲಿನವರು ಅದನ್ನು ಐದನೆಯ ಋತು ಎಂದೇ ಕರೆದು ದೋಣಿಯಲ್ಲಿ ಓಡಾಡುತ್ತಾರೆ. ಆದ್ದರಿಂದ ಹಾದಿ ಸುಲಭವೇ ಎಂದು ಕೇಳುವಾಗ ಯಾವ ತಿಂಗಳಲ್ಲಿ ಎಂಬುದನ್ನೂ ಸೇರಿಸಿಯೇ ಕೇಳಬೇಕು.

ನದಿಯ ಬದಿಯ ಹಾದಿಯ ವಿಷಯದಲ್ಲಿ ಬಹಳ ಜನ ತಲೆಕೆಳಗಾಗಿ ಯೋಚಿಸುತ್ತಾರೆ. ನೀರಿಗೆ ಹತ್ತಿರವಾದಷ್ಟೂ ಕೆಸರು ಹೆಚ್ಚು ಎಂದುಕೊಳ್ಳುತ್ತಾರೆ, ಆದರೆ ಬಯಲಿನ ನದಿಗಳಲ್ಲಿ ಎಷ್ಟೋ ಸಲ ದಡವೇ ಅತ್ಯಂತ ಒಣಗಿದ ಜಾಗವಾಗಿರುತ್ತದೆ. ನೆರೆ ಬಂದಾಗ ದಡ ದಾಟಿದ ನೀರಿನ ವೇಗ ಥಟ್ಟನೆ ಕುಗ್ಗುವುದರಿಂದ ಅದು ಹೊತ್ತುತಂದ ದಪ್ಪ ಮರಳು ಅಲ್ಲೇ ಕುಸಿದು ಬೀಳುತ್ತದೆ, ವರ್ಷಗಟ್ಟಲೆ ಹೀಗಾಗಿ ದಡದುದ್ದಕ್ಕೂ ಸಹಜವಾದ ಏರಿಯೊಂದು ಬೆಳೆಯುತ್ತದೆ; ನಯವಾದ ಜೇಡಿ ಮಾತ್ರ ಹಿಂದಿನ ತಗ್ಗಿನವರೆಗೆ ಹೋಗಿ ಅಲ್ಲಿ ನೀರು ಇಂಗದಂತೆ ಮಾಡುತ್ತದೆ. ಹಾದಿ ನದಿಯನ್ನು ಬಿಟ್ಟು ಒಳಕ್ಕೆ ತಿರುಗುವ ಕಡೆ ನಕ್ಷೆಯಲ್ಲಿ ಜೌಗಿನ ಗುರುತು ಇದೆಯೇ, ಇದ್ದರೆ ಅಲ್ಲಿ ಹಲಗೆಯ ಹಾದಿ ಹಾಕಿದ್ದಾರೆಯೇ ಎಂದು ಮೊದಲು ನೋಡಿ.

ಇನ್ನೊಂದು ಮಾತು. ಬಯಲಿನ ನದಿ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ; ಮೇಲ್ಭಾಗದಲ್ಲಿ ಸುರಿದ ಮಳೆಯ ನೀರು ಕೆಲವು ದಿನಗಳ ನಂತರ ನೀವು ನಡೆಯುವಲ್ಲಿಗೆ ಬರಬಹುದು. ಆಕಾಶ ಶುಭ್ರವಾಗಿದೆಯೆಂದು ನಂಬಿ ಹೊರಡದೆ, ಹಿಂದಿನ ವಾರ ನದಿಯ ಮೇಲ್ಭಾಗದಲ್ಲಿ ಮಳೆಯಾಗಿದೆಯೇ ಎಂದು ವಿಚಾರಿಸಿ. ರಭಸವಾಗಿ ಹರಿಯುವ ನೀರು ಕೇವಲ 15 ಸೆಂಟಿಮೀಟರ್ ಇದ್ದರೂ ವಯಸ್ಕರನ್ನು ಕೆಡವಬಲ್ಲದು, ಹಾಗಾಗಿ ಹಾದಿಯ ಮೇಲೆ ಹರಿಯುವ ನೀರು ಕಂಡರೆ ಅದು ಹಿಂದಿರುಗುವ ಜಾಗ. ಇದೇ ಕಾರಣಕ್ಕೆ ನಾನು ನಿಮಗೆ ವರ್ತುಲದ ಹಾದಿಗಿಂತ ಹೋದ ದಾರಿಯಲ್ಲೇ ಮರಳುವ ಹಾದಿಯನ್ನು ಸೂಚಿಸುತ್ತೇನೆ: ಅಮ್ಮನಿಗೆ ಸಾಕೆನಿಸಿದ ಕಡೆ ತಿರುಗಬಹುದು, ಮುಂದೆ ಏನಿದೆಯೋ ಎಂಬ ಆತಂಕವಿರುವುದಿಲ್ಲ.

ಒರತೆ

ನಕ್ಷೆಗಣ್ಣು ಅವರು ನೀರು ಎಲ್ಲಿ ನಿಲ್ಲುತ್ತದೆ ಎಂದು ಹೇಳಿದರು; ಅದು ಎಲ್ಲಿಂದ ಏಳುತ್ತದೆ ಎಂಬುದನ್ನು ನಾನು ಸೇರಿಸುತ್ತೇನೆ, ಏಕೆಂದರೆ ಮಗುವಿನ ಸುರಕ್ಷತೆಯ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಸಮತಟ್ಟಾದ ಕಾಡಿನ ದೊಡ್ಡ ಬುಗ್ಗೆಗಳು ಬಹುಮಟ್ಟಿಗೆ ಸುಣ್ಣಕಲ್ಲಿನ ಸೀಮೆಯವು. ಮಳೆನೀರು ಮಣ್ಣಿನಲ್ಲಿಳಿಯುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲವಾಗುತ್ತದೆ, ಆ ಆಮ್ಲ ಕಲ್ಲಿನ ಬಿರುಕುಗಳನ್ನು ಕರಗಿಸಿ ಕೊಳವೆಗಳನ್ನೂ ಗುಹೆಗಳನ್ನೂ ಮಾಡುತ್ತದೆ, ಒಳಗಿನ ಒತ್ತಡದಿಂದ ಆ ನೀರು ತಗ್ಗಿನ ಜಾಗದಲ್ಲಿ ಮೇಲಕ್ಕೆ ಚಿಮ್ಮುತ್ತದೆ. 1927ರಲ್ಲಿ ಅಮೆರಿಕದ ಅಂತರ್ಜಲ ತಜ್ಞ ಆಸ್ಕರ್ ಮೈಂಜರ್ ರೂಪಿಸಿದ ವರ್ಗೀಕರಣದ ಪ್ರಕಾರ, ಸೆಕೆಂಡಿಗೆ 100 ಘನ ಅಡಿ, ಅಂದರೆ ಸುಮಾರು 2,830 ಲೀಟರ್, ಅಥವಾ ಅದಕ್ಕಿಂತ ಹೆಚ್ಚು ನೀರು ಕೊಡುವುದು ಮೊದಲ ದರ್ಜೆಯ ಬುಗ್ಗೆ. ಒಂದು ಸೆಕೆಂಡಿಗೆ ಅಷ್ಟು ನೀರು ಹೊರಬರುವ ಬಾಯಿ ಎಷ್ಟು ದೊಡ್ಡದಿರಬೇಕೆಂದು ಊಹಿಸಿಕೊಳ್ಳಿ. ಮೇಲಿನಿಂದ ಕಾಣುವ ಶಾಂತವಾದ ನೀಲಿ ಕೊಳದ ಅಡಿಯಲ್ಲಿ ನೀರು ತುಂಬಿದ ಗುಹೆಯಿದೆ. ಕೊಳದ ಅಂಚಿನ ಕಲ್ಲನ್ನು ನೀರು ಒಳಗಿನಿಂದ ಕೊರೆದಿರುವುದರಿಂದ, ಗಟ್ಟಿಯೆಂದು ಕಾಣುವ ದಂಡೆ ಕೆಳಗೆ ಟೊಳ್ಳಾಗಿರಬಹುದು. ಕಟಕಟೆಯಾಗಲಿ ಹಲಗೆಯ ವೇದಿಕೆಯಾಗಲಿ ಇರುವ ಕಡೆ ಅದರೊಳಗೇ ನಿಲ್ಲಿ. ಅದಿಲ್ಲದ ಕಡೆ ಮಗಳ ಕೈ ನಿಮ್ಮ ಕೈಯಲ್ಲಿರಲಿ.

ಆ ನೀಲಿಯೂ ದಾರಿ ತಪ್ಪಿಸುತ್ತದೆ. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ, ತೇಲುವ ಕಣಗಳಿಲ್ಲದ ಆಳವಾದ ತಿಳಿನೀರು ನೀಲಿಯಾಗಿ ತೋರುತ್ತದೆ. ಬಹಳ ತಿಳಿಯಾಗಿರುವುದರಿಂದಲೇ ಮೂರಾಳು ಆಳವೂ ಮಂಡಿಯಾಳದಂತೆ ಕಾಣುತ್ತದೆ. ನ್ಯೂಜಿಲೆಂಡಿನ ತೆ ವೈಕೊರೊಪುಪು ಬುಗ್ಗೆಯಲ್ಲಿ ನೀರೊಳಗೆ 63 ಮೀಟರ್ ದೂರದವರೆಗೆ ಕಾಣುತ್ತದೆಂದು ಅಳೆದಿದ್ದಾರೆ. ಕಾಡಿನ ನಡುವಿನ ಚಿಕ್ಕ, ಸುಲಭವಾದ ಹಾದಿಯಲ್ಲಿ ಅದನ್ನು ತಲುಪಬಹುದು, ಆದರೆ ಮಾವೊರಿ ಜನರಿಗೆ ಅದು ಪವಿತ್ರವಾದ ಸ್ಥಳವಾಗಿರುವುದರಿಂದ ಮತ್ತು ನೀರಿನ ಶುದ್ಧತೆ ಕೆಡಬಾರದೆಂಬ ಕಾರಣದಿಂದ ಅಲ್ಲಿ ಈಜುವುದಿರಲಿ, ನೀರನ್ನು ಮುಟ್ಟುವುದಕ್ಕೂ ಅವಕಾಶವಿಲ್ಲ. ಪ್ರತಿ ಬುಗ್ಗೆಯ ನಿಯಮ ಬೇರೆ. ಒಂದೇ ಬುಗ್ಗೆಯ ನಿಯಮ ಋತುವಿನೊಂದಿಗೆ ಬದಲಾಗುವುದೂ ಉಂಟು. ಫ್ಲೋರಿಡಾದ ಬ್ಲೂ ಸ್ಪ್ರಿಂಗ್‌ನ ನೀರು ವರ್ಷವಿಡೀ ಸುಮಾರು 22 ಡಿಗ್ರಿ ಸೆಲ್ಸಿಯಸ್ ಇರುವುದರಿಂದ, ಚಳಿಗಾಲದಲ್ಲಿ ನದಿ ತಣ್ಣಗಾದಾಗ ಮ್ಯಾನಟೀ ಎಂಬ ಕಡಲಹಸುಗಳು ಬೆಚ್ಚಗಿರಲು ಅಲ್ಲಿಗೆ ಬರುತ್ತವೆ, ಆ ತಿಂಗಳುಗಳಲ್ಲಿ ಮನುಷ್ಯರು ನೀರಿಗಿಳಿಯುವಂತಿಲ್ಲ. ದಂಡೆಯ ಹಲಗೆ ಹಾದಿಯಿಂದ ಅವನ್ನು ನೋಡುವುದು ಮಾತ್ರ. ನನ್ನನ್ನು ಕೇಳಿದರೆ, ಒಂಬತ್ತು ವರ್ಷದ ಹುಡುಗಿಗೆ ಈಜಿಗಿಂತ ಅದೇ ಹೆಚ್ಚು ಹಿಡಿಸೀತು.

ಬುಗ್ಗೆಗಳ ಸೀಮೆಯಲ್ಲಿ ನದಿಯೇ ಕಣ್ಮರೆಯಾಗುವುದನ್ನೂ ನೋಡಬಹುದು. ಅದೇ ಫ್ಲೋರಿಡಾದ ಸಾಂಟಾ ಫೆ ನದಿ ಓಲೀನೋ ಉದ್ಯಾನದಲ್ಲಿ ನೆಲದೊಳಗೆ ಇಳಿದು, ಸುಮಾರು 5 ಕಿಲೋಮೀಟರ್ ಆಚೆ ಮತ್ತೆ ಮೇಲೇಳುತ್ತದೆ. ನಡುವೆ ಕಾಡಿನ ಹಾದಿಯಲ್ಲಿ ನಡೆಯುವವರ ಕಾಲಡಿಯಲ್ಲಿ ನದಿ ಹರಿಯುತ್ತಿರುತ್ತದೆ. ಅಲ್ಲಿನ ನದಿಗಳ ಚಹಾದಂಥ ಬಣ್ಣ ಕೊಳಕಲ್ಲ, ಕೊಳೆತ ಎಲೆಗಳಿಂದ ಬಿಟ್ಟ ಟ್ಯಾನಿನ್ ಎಂಬ ಕಂದು ಬಣ್ಣದ ವಸ್ತು.

ನಿಧಾನನಡಿಗೆ

ಇಬ್ಬರಿಗೂ ಧನ್ಯವಾದಗಳು. ದಡದ ಏರಿಯ ವಿಷಯ ಓದಿದ ಮೇಲೆ ನಮ್ಮ ಹಳೆಯ ನಕ್ಷೆಯನ್ನು ತೆಗೆದು ನೋಡಿದೆ. ನೀರು ನಿಂತಿದ್ದ ತಗ್ಗು ನದಿಯಿಂದ ದೂರ ತಿರುಗಿದ ಕಡೆಯಲ್ಲೇ ಇತ್ತು. ಇನ್ನೆರಡು ಸಂದೇಹಗಳು: ನೆಲದಿಂದ ನೇರವಾಗಿ ಬರುವ ಬುಗ್ಗೆಯ ನೀರನ್ನು ಬಾಟಲಿಗೆ ತುಂಬಿಕೊಂಡು ಕುಡಿಯಬಹುದೇ? ಮತ್ತು ದಾರಿ ತೋರಿಸುವ ಗುರುತಿನ ಪಟ್ಟಿಗಳು ವಿರಳವಾಗಿರುವ ಕಾಡಿನಲ್ಲಿ, ಸಮತಟ್ಟು ನೆಲವಾದ್ದರಿಂದ ದಾರಿ ತಪ್ಪುವ ಭಯ ಕಡಿಮೆ ಎಂದುಕೊಳ್ಳಬಹುದೇ?

ಒರತೆ

ಹಾಗೇ ಕುಡಿಯಬೇಡಿ. ಸುಣ್ಣಕಲ್ಲಿನ ಕೊಳವೆಗಳಲ್ಲಿ ನೀರು ಮರಳಿನಲ್ಲಿ ಸೋಸಿದಂತೆ ಸೋಸಿಹೋಗುವುದಿಲ್ಲ. ದೂರದ ಯಾವುದೋ ಕುಳಿಯಲ್ಲಿ ಬಿದ್ದ ಕೊಳೆ ಬೇಗನೆ ಬುಗ್ಗೆಯ ಬಾಯಿಗೆ ಬರಬಹುದು. ಒಂದು ನಿಮಿಷ ಕೊತಕೊತನೆ ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಹೊಲಗಳ ಗೊಬ್ಬರದಿಂದ ಸೇರುವ ನೈಟ್ರೇಟ್ ಕುದಿಸಿದರೂ ಹೋಗುವುದಿಲ್ಲ. ಎರಡು ಗಂಟೆಯ ನಡಿಗೆಗೆ ನೀರು ಹೊತ್ತು ಒಯ್ಯುವುದೇ ಸರಳ.

ಮರದನೆರಳು

ಎರಡನೆಯ ಸಂದೇಹಕ್ಕೆ ನನ್ನ ಉತ್ತರ: ಭಯ ಹೆಚ್ಚು. ಬೆಟ್ಟದಲ್ಲಿ ದಾರಿ ತಪ್ಪಿದವನಿಗೆ ಶಿಖರವೋ ಕಣಿವೆಯೋ ಕಾಣುತ್ತದೆ, ಕೆಳಗಿಳಿಯುವ ದಿಕ್ಕಾದರೂ ತಿಳಿಯುತ್ತದೆ. ಸಮತಟ್ಟಾದ ಕಾಡಿನಲ್ಲಿ ಎತ್ತ ತಿರುಗಿದರೂ ಒಂದೇ ಬಗೆಯ ಮರಗಳು. ಜರ್ಮನಿಯ ಟ್ಯೂಬಿಂಗನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಬೀನ್‌ವಾಲ್ಡ್ ಎಂಬ ಸಮತಟ್ಟಾದ ದೊಡ್ಡ ಕಾಡಿನಲ್ಲಿ ಕೆಲವರನ್ನು ನೇರವಾಗಿ ನಡೆಯಿರಿ ಎಂದು ಕಳುಹಿಸಿ, ಜಿಪಿಎಸ್‌ನಿಂದ ಅವರ ಜಾಡು ಹಿಡಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಬಿಸಿಲಿದ್ದ ದಿನ ನಡೆದವರು ಹೆಚ್ಚುಕಡಿಮೆ ನೇರವಾಗಿಯೇ ಸಾಗಿದರೆ, ಮೋಡ ಕವಿದ ದಿನ ನಡೆದ ನಾಲ್ವರೂ ಸುತ್ತು ಹೊಡೆದರು, ಅವರಲ್ಲಿ ಮೂವರು ತಮಗೆ ಅರಿವಿಲ್ಲದೆ ತಾವೇ ನಡೆದ ಜಾಡನ್ನು ಮತ್ತೆ ಮತ್ತೆ ದಾಟಿದರು. ಸೂರ್ಯನಾಗಲಿ ಬೇರೆ ಗುರುತಾಗಲಿ ಇಲ್ಲದಿದ್ದರೆ, ನೇರ ನಡೆಯುತ್ತಿದ್ದೇನೆ ಎಂಬ ನಮ್ಮ ನಂಬಿಕೆಗೆ ಏನೂ ಬೆಲೆಯಿಲ್ಲ.

ಹೊಳೆ ಇಲ್ಲಿ ನಿಮ್ಮ ಕೈಹಿಡಿಯುತ್ತದೆ. ಹೊರಡುವಾಗಲೇ ನೀರು ನಿಮ್ಮ ಯಾವ ಬದಿಯಲ್ಲಿದೆ, ಎತ್ತ ಹರಿಯುತ್ತಿದೆ ಎಂದು ಮಗಳಿಂದಲೇ ಹೇಳಿಸಿ. ಹಿಂದಿರುಗುವಾಗ ಅದು ಇನ್ನೊಂದು ಬದಿಗೆ ಬಂದಿರಬೇಕು. ನಕ್ಷೆಯಲ್ಲಿ ಎಡದಂಡೆ, ಬಲದಂಡೆ ಎಂದಿದ್ದರೆ ಅದು ಹರಿವಿನ ದಿಕ್ಕಿಗೆ ಮುಖಮಾಡಿ ನಿಂತವರ ಎಡಬಲ ಎಂಬುದು ನೆನಪಿರಲಿ. ಇದರಲ್ಲಿ ನಾನೇ ಒಮ್ಮೆ ಎಡವಿ ಸೇತುವೆಯ ಆಚೆ ಒಂದು ಗಂಟೆ ಅಲೆದಿದ್ದೇನೆ. ಒತ್ತಾದ ಮರಗಳ ಕೆಳಗೆ ಫೋನಿನ ಜಿಪಿಎಸ್ ಹಲವು ಮೀಟರ್ ಆಚೀಚೆ ತೋರಿಸುತ್ತದೆ, ಆದ್ದರಿಂದ ಕವಲುದಾರಿಯ ಬಳಿ ಅದನ್ನೊಂದನ್ನೇ ನೆಚ್ಚಬೇಡಿ. ಪ್ರತಿ ಕವಲಿನಲ್ಲೂ ಹಿಂದಿರುಗಿ ನೋಡಿ, ಬಂದ ದಾರಿಯ ಚಿತ್ರ ತೆಗೆದುಕೊಳ್ಳಿ.

ನಕ್ಷೆಗಣ್ಣು

ಪಾದರಕ್ಷೆಯ ಬಗ್ಗೆ ಯಾರೂ ಹೇಳಲಿಲ್ಲ. ನೀರು ಒಳಬಾರದ ಎತ್ತರದ ಬೂಟುಗಳನ್ನು ಹಲವರು ಸೂಚಿಸುತ್ತಾರೆ, ನಾನು ಒಪ್ಪುವುದಿಲ್ಲ. ಜೌಗಿನಲ್ಲಿ ನೀರು ಮೇಲಿನಿಂದ ಒಮ್ಮೆ ಒಳಹೊಕ್ಕರೆ ಹೊರಬರಲು ದಾರಿಯಿಲ್ಲದೆ ಬೂಟು ಭಾರವಾಗುತ್ತದೆ, ಮಂಡಿನೋವಿನವರಿಗೆ ಆ ಭಾರವೇ ಶಿಕ್ಷೆ. ಹಗುರವಾದ, ಬೇಗ ಒಣಗುವ, ಅಡಿಭಾಗ ಚೆನ್ನಾಗಿ ಹಿಡಿಯುವ ಶೂ ಸಾಕು. ಮರದ ಬೇರುಗಳು ಮತ್ತು ಒದ್ದೆ ಹಲಗೆ ಇರುವ ಕಡೆ ಅಮ್ಮನ ಕೈಯಲ್ಲಿ ಒಂದಲ್ಲ, ಎರಡು ಊರುಗೋಲು ಇರಲಿ.

ಮರದನೆರಳು

ಶೂ ಹಗುರವಾಗಿರಲಿ, ಆದರೆ ಕಾಲುಚೀಲ ಉದ್ದವಾಗಿರಲಿ, ಪ್ಯಾಂಟಿನ ಅಂಚು ಅದರೊಳಗೆ ಸೇರಿರಲಿ. ಹುಲ್ಲು ಬೆಳೆದ ಹಾದಿಯಂಚಿನಲ್ಲಿ ಉಣ್ಣಿಗಳು ಕಾಯುತ್ತಿರುತ್ತವೆ. ಮನೆಗೆ ಬಂದ ಮೇಲೆ ಮಂಡಿಯ ಹಿಂಭಾಗ, ಸೊಂಟ, ಕಿವಿಯ ಹಿಂದೆ, ಕೂದಲಿನೊಳಗೆ ನೋಡಿ. ಕಚ್ಚಿಕೊಂಡಿದ್ದರೆ ಎಣ್ಣೆ ಹಚ್ಚುವುದು, ಸುಡುವುದು ಬೇಡ, ಚೂಪಾದ ಚಿಮುಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ.

ನಿಧಾನನಡಿಗೆ

ಮುಂದಿನ ನಡಿಗೆಗೆ ಹೋಗಿಬರಲು ಒಟ್ಟು 4 ಕಿಲೋಮೀಟರ್ ಆಗುವ, ಉದ್ದಕ್ಕೂ ನದಿದಡವನ್ನು ಬಿಡದ, ಬುಗ್ಗೆಯ ಬಳಿ ಕಟಕಟೆಯಿರುವ ಹಾದಿಯೊಂದನ್ನು ಆರಿಸಿದ್ದೇನೆ, ಮತ್ತು ಹಿಂದಿನ ವಾರದ ಮಳೆಯನ್ನು ನೋಡಿಕೊಂಡೇ ದಿನ ಗೊತ್ತುಮಾಡುತ್ತೇನೆ. ಅಮ್ಮನಿಗೆ ಈ ಉತ್ತರಗಳನ್ನೆಲ್ಲ ಓದಿ ಹೇಳಿದೆ. ಎರಡು ಊರುಗೋಲಿನ ಮಾತಿಗೆ ಅವರು ಒಪ್ಪಿಲ್ಲ, ಒಂದಕ್ಕೆ ಒಪ್ಪಿದ್ದಾರೆ. ಇನ್ನೊಂದನ್ನು ಮಗಳು ಹಿಡಿದುಕೊಂಡು ಬರುತ್ತಾಳಂತೆ.