ಅಣುಬಾಂಬ್ ಮಾಡಿದ ಜಾಗನ ‘ಕ್ಲೀನ್’ ಮಾಡಿದೀವಿ ಅಂದ್ರೆ ಏನರ್ಥ? ಮಗಳು ಅಲ್ಲೇ ಪಕ್ಕದಲ್ಲಿ ಮನೆ ತಗೋತಿದಾಳೆ

ಸರಸ್ವತಿಪುರಂ_ಅಮ್ಮ:
ಎಲ್ರಿಗೂ ನಮಸ್ಕಾರ. ನಾನು ಇಲ್ಲಿ ಅಡುಗೆ, ಗಿಡದ ಪೋಸ್ಟ್ ಬಿಟ್ರೆ ಬೇರೆ ಕಡೆ ತಲೆ ಹಾಕೋಳಲ್ಲ, ಇವತ್ತು ವಿಧಿ ಇಲ್ದೆ ಬರೀತಿದೀನಿ. ಮಗಳು ಅಳಿಯ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ರಿಚ್‌ಲ್ಯಾಂಡ್ ಅನ್ನೋ ಊರಲ್ಲಿದಾರೆ, ಈಗ ಅಲ್ಲೇ ಮನೆ ತಗೋತೀವಿ ಅಂತ ಕೂತಿದಾರೆ. ದೊಡ್ಡ ಹಿತ್ತಲು, ಮೊಮ್ಮಗ ಮಣ್ಣಲ್ಲಿ ಆಡ್ಬೋದು ಅಂತ ವಿಡಿಯೋ ಕಾಲಲ್ಲಿ ತೋರಿಸಿದ್ಲು, ನಂಗೂ ಖುಷಿಯಾಯ್ತು. ಆಮೇಲೆ ನಮ್ಮ ಯಜಮಾನ್ರು ಕುಕ್ಕರಹಳ್ಳಿ ಕೆರೆ ಹತ್ರ ವಾಕಿಂಗ್ ಗೆಳೆಯರಿಗೆ ಹೇಳಿದಾರೆ, ಅವರಲ್ಲಿ ಒಬ್ರು “ಅಯ್ಯೋ, ಅದು ನಾಗಸಾಕಿ ಬಾಂಬಿಗೆ ಪ್ಲುಟೋನಿಯಂ ಮಾಡಿದ ಜಾಗ ಅಲ್ವೇನ್ರೀ” ಅಂದ್ರಂತೆ. ಅವತ್ತಿಂದ ನಂಗೆ ನಿದ್ದೆ ಇಲ್ಲ. ಮಗಳನ್ನ ಕೇಳಿದ್ರೆ “ಅಮ್ಮ, ಗೌರ್ಮೆಂಟ್ ಕ್ಲೀನ್ ಮಾಡ್ತಿದೆ, ನೀನ್ ಸುಮ್ನಿರು” ಅಂತಾಳೆ. ಸೂಯೇಜ್ ಫಾರಂ ಕಸದ ಗುಡ್ಡ ಕ್ಲೀನ್ ಆಗುತ್ತೆ ಆಗುತ್ತೆ ಅಂತ ಕೇಳ್ಕೊಂಡೇ ತಲೆ ಬೆಳ್ಳಗಾದ ಮೈಸೂರಿನೋಳು ನಾನು, ಆ ಪದ ಕೇಳಿದ್ರೇನೇ ಅನುಮಾನ. ನಿಜಕ್ಕೂ ಇಂಥ ಜಾಗ ಕ್ಲೀನ್ ಆಗುತ್ತಾ? ಗೊತ್ತಿರೋರು ಹೇಳಿ, ಹೆದರಿಸ್ಬೇಡಿ, ಸುಳ್ಳೂ ಹೇಳ್ಬೇಡಿ.

ಮದ್ದೂರ್_ಹುಡ್ಗ:
ಅಮ್ಮ, ನಾನು ಅದೇ ರಿಚ್‌ಲ್ಯಾಂಡ್ ಪಕ್ಕದ ಕೆನೆವಿಕ್‌ನಲ್ಲಿ 4 ವರ್ಷ ಇದ್ದೋನು, ಸಾಫ್ಟ್‌ವೇರ್ ಕೆಲಸ, ಆ ಪ್ಲುಟೋನಿಯಂ ಸೈಟಿಗೂ ನಂಗೂ ಸಂಬಂಧ ಇರ್ಲಿಲ್ಲ. ಹೋದ ಮೊದಲ ವಾರ ನಂಗೂ ಶಾಕ್ ಆಗಿತ್ತು, ಯಾಕಂದ್ರೆ ರಿಚ್‌ಲ್ಯಾಂಡ್ ಹೈಸ್ಕೂಲ್ ಟೀಮ್ ಹೆಸ್ರೇ ಬಾಂಬರ್ಸ್, ಲೋಗೋದಲ್ಲಿ ಬಾಂಬ್ ಸಿಡಿದಾಗ ಏಳುತ್ತಲ್ಲ ಅಣಬೆ ಥರ ಹೊಗೆ, ಅದೇ ಇರೋದು. ಮಕ್ಳು ಅದನ್ನ ಟೀಶರ್ಟ್ ಮೇಲೆ ಹಾಕ್ಕೊಂಡು ಐಸ್‌ಕ್ರೀಮ್ ತಿಂತಿರ್ತವೆ.

ಸೈಟ್ ಹೆಸ್ರು ಹ್ಯಾನ್‌ಫರ್ಡ್. 1943ರಲ್ಲಿ ಅಲ್ಲಿದ್ದ ರೈತರಿಗೆಲ್ಲ 30 ದಿನದಲ್ಲಿ ಖಾಲಿ ಮಾಡಿ ಅಂತ ನೋಟಿಸ್ ಕೊಟ್ಟು, ಸುಮಾರು 1,500 ಚದರ ಕಿಲೋಮೀಟರ್ ಬೇಲಿ ಹಾಕಿದ್ರು, ಅಂದ್ರೆ ನಮ್ ಮಂಡ್ಯ ಜಿಲ್ಲೆ ಮೂರರಲ್ಲಿ ಒಂದು ಪಾಲು ಅಂದ್ಕೊಳಿ. ಪ್ಲುಟೋನಿಯಂ ಮಾಡೋ 9 ಅಣು ರಿಯಾಕ್ಟರ್ ಇದ್ವು, ಈಗ ಅವೆಲ್ಲಾ ಬಂದ್. ನಿಜವಾದ ತಲೆನೋವು ರಿಯಾಕ್ಟರ್ ಅಲ್ಲ, ನೆಲದೊಳಗಿನ ಟ್ಯಾಂಕ್‌ಗಳು. 177 ಟ್ಯಾಂಕು, ಅದ್ರಲ್ಲಿ ಸುಮಾರು 21 ಕೋಟಿ ಲೀಟರ್ ವಿಕಿರಣ ಇರೋ ರಾಸಾಯನಿಕ ಬಗ್ಗಡ. 149 ಟ್ಯಾಂಕಿಗೆ ಒಂದೇ ಪದರದ ಗೋಡೆ, ಹಿಂದೆ ಸುಮಾರು ಸೋರಿವೆ. 1973ರಲ್ಲಿ ಒಂದೇ ಟ್ಯಾಂಕಿಂದ 4 ಲಕ್ಷ ಲೀಟರ್‌ಗೂ ಮೇಲೆ ಮಣ್ಣಿಗೆ ಹೋಯ್ತು. 2021ರಲ್ಲೂ ಬಿ-109 ಅನ್ನೋದು ಸೋರ್ತಿದೆ ಅಂತ ಅವರೇ ಒಪ್ಕೊಂಡ್ರು.

ಆದ್ರೆ ಅಮ್ಮ, ಟ್ಯಾಂಕ್ ಇರೋದು ಸೈಟಿನ ಮಧ್ಯದ ಎತ್ತರದ ಬಯಲಲ್ಲಿ, ನಿಮ್ ಮಗಳ ಹಿತ್ತಲಲ್ಲಿ ಅಲ್ಲ. ಮನೆ ನೋಡುವಾಗ ಒಂದೇ ವಿಷ್ಯ ವಿಚಾರಿಸೋಕೆ ಹೇಳಿ, ನೀರು ಊರಿನ ಸಪ್ಲೈದಾ ಅಥವಾ ಸ್ವಂತ ಬೋರ್‌ದಾ ಅಂತ. ಊರಿಂದಾದ್ರೆ ವರ್ಷಾವರ್ಷ ನೀರಿನ ಗುಣಮಟ್ಟದ ರಿಪೋರ್ಟ್ ಕೊಡ್ಬೇಕು ಅಂತ ಕಾನೂನೇ ಇದೆ, ಬೋರ್ ಆದ್ರೆ ಟೆಸ್ಟ್ ಮಾಡ್ಸೋ ಜವಾಬ್ದಾರಿ ಇವ್ರದ್ದೇ.

ಎಲ್ಲಾ_ಗೊತ್ತು_ಬುಡಿ:
ಸರ್ಕಾರ ಕೊಡೋ ರಿಪೋರ್ಟ್ ನಂಬ್ಕೊಂಡು ಕೂತ್ಕೊಳಿ. ಇದೇ ಹ್ಯಾನ್‌ಫರ್ಡ್‌ನಲ್ಲಿ 1949ರ ಡಿಸೆಂಬರ್‌ನಲ್ಲಿ ಬೇಕಂತಲೇ ಚಿಮಣಿಯಿಂದ ವಿಕಿರಣದ ಅಯೋಡಿನ್ ಬಿಟ್ಟು ಗಾಳಿ ಹೋದ ಕಡೆ ಊರುಗಳ ಮೇಲೆ ಹರಡಿದ್ರು, ಅಲ್ಲಿದ್ದೋರಿಗೆ ಒಂದು ಮಾತೂ ಹೇಳ್ಲಿಲ್ಲ. ಹಸು ಹುಲ್ಲು ತಿಂತು, ಮಕ್ಳು ಹಾಲು ಕುಡಿದ್ರು. 1986ರಲ್ಲಿ ಜನ ಗಲಾಟೆ ಮಾಡಿದ್ಮೇಲೆ 19,000 ಪುಟ ದಾಖಲೆ ಹೊರಗ್ ಬಂತು, ಆವಾಗ್ಲೇ ಗೊತ್ತಾಗಿದ್ದು. 37 ವರ್ಷ ಸಾ. ಮನೆ ತಗೋಬೇಡಿ ಅಂತ ಹೇಳಿ ಅಷ್ಟೇ. ನಮ್ ಶ್ರೀರಂಗಪಟ್ಟಣದ ಮಾರ್ಲಗಲ್ಲದಲ್ಲೂ ಅಣು ಖನಿಜ ಇಲಾಖೆಯೋರು ನೆಲ ಕೊರೆದು ಹೋಗಿದಾರೆ, ನಾಳೆ ನಮ್ಗೂ ಇದೇ ಗತಿ.

ಕೆಮಿಸ್ಟ್ರಿ_ಮೇಷ್ಟ್ರು_ನಿವೃತ್ತ:
1949ರ ವಿಷಯ ನಿಜ, ಅದನ್ನ ಅಲ್ಲಗಳೆಯಲ್ಲ. ಮಾರ್ಲಗಲ್ಲದಲ್ಲಿ ಹುಡುಕಿದ್ದು ಲಿಥಿಯಂ, ಬ್ಯಾಟರಿಗೆ ಹಾಕೋದು, ಅದು ವಿಕಿರಣ ಸೂಸೋ ಪದಾರ್ಥ ಅಲ್ಲ ಸ್ವಾಮಿ. ಅದನ್ನ ಇದಕ್ಕೆ ಗಂಟು ಹಾಕ್ಬೇಡಿ.

ಅಮ್ಮಾವ್ರೇ, ನಿಮ್ಮ ಪ್ರಶ್ನೆ ಚೆನ್ನಾಗಿದೆ, ‘ಕ್ಲೀನ್’ ಅಂದ್ರೆ ಏನು ಅಂತ ಕೇಳಿದ್ರಲ್ಲ, ಇಡೀ ಜಗಳ ಇರೋದೇ ಆ ಪದದಲ್ಲಿ. ಪ್ಲುಟೋನಿಯಂ ಅರ್ಧ ಆಗೋಕೇ 24,000 ವರ್ಷ ಬೇಕು. ಅದನ್ನ ಸುಟ್ರೂ ಹೋಗಲ್ಲ, ತೊಳೆದ್ರೂ ಹೋಗಲ್ಲ, ತೊಳೆದ ನೀರಿಗೆ ಹೋಗುತ್ತೆ ಅಷ್ಟೆ. ಹಾಗಾಗಿ ಸರ್ಕಾರ ಮಾಡೋದು ಮೂರೇ ಕೆಲಸ, ಅಗೆದು ಬೇರೆ ಕಡೆ ಸಾಗಿಸೋದು, ಅಲ್ಲಾಡದ ಹಾಗೆ ಗಟ್ಟಿ ಮಾಡೋದು, ಇಲ್ಲಾಂದ್ರೆ ಮುಚ್ಚಿ ಕಾವಲು ಕಾಯೋದು. ಎಷ್ಟು ಉಳಿದ್ರೆ ಪರವಾಗಿಲ್ಲ ಅನ್ನೋದನ್ನ ಲೆಕ್ಕ ಹಾಕ್ತಾರೆ, ಆದ್ರೆ ಆ ಲೆಕ್ಕ ಬರೀ ವಿಜ್ಞಾನದಿಂದ ಬರಲ್ಲ.

ಕೊಲರಾಡೋದ ರಾಕಿ ಫ್ಲಾಟ್ಸ್ ಕತೆ ಕೇಳಿ. ಡೆನ್ವರ್ ಪಕ್ಕ, 1952ರಿಂದ ಬಾಂಬಿನ ಒಳಗಿನ ಪ್ಲುಟೋನಿಯಂ ತಿರುಳು ಮಾಡ್ತಿದ್ದ ಕಾರ್ಖಾನೆ. 1989ರ ಜೂನ್‌ನಲ್ಲಿ ಎಫ್‌ಬಿಐನವರೇ ನುಗ್ಗಿದ್ರು, ಸರ್ಕಾರದ ಪೊಲೀಸ್ರು ಸರ್ಕಾರದ್ದೇ ಕಾರ್ಖಾನೆ ಮೇಲೆ ರೇಡ್! ಆಮೇಲೆ ಕ್ಲೀನಿಂಗ್ ಶುರುವಾದಾಗ ಮಣ್ಣಲ್ಲಿ ಗ್ರಾಂಗೆ 651 ಪಿಕೋಕ್ಯೂರಿ (ವಿಕಿರಣ ಅಳೆಯೋ ಒಂದು ಅಳತೆ) ಪ್ಲುಟೋನಿಯಂ ತನಕ ಇದ್ರೆ ತೆಗೆಯೋದು ಬೇಡ ಅಂತ ಮಿತಿ ಇಟ್ಟಿದ್ರು. ಸುತ್ತಲ ಜನ ಒಪ್ಲಿಲ್ಲ, ಸ್ವತಂತ್ರ ತಜ್ಞರ ಕೈಲಿ ಲೆಕ್ಕ ಹಾಕ್ಸಿ ಅಂತ ಪಟ್ಟು ಹಿಡಿದ್ರು, ಅವರ ಲೆಕ್ಕದಲ್ಲಿ 35 ಬಂತು. ಎಳೆದಾಡಿ ಕೊನೆಗೆ 50ಕ್ಕೆ ನಿಂತ್ರು, ಅದೂ ಮೇಲಿನ 3 ಅಡಿಗೆ ಮಾತ್ರ. ಅದಕ್ಕಿಂತ ಕೆಳಗೆ ಮಿತಿ ಸಡಿಲ, 6 ಅಡಿ ಕೆಳಗಿನ ಹಳೇ ಪೈಪು, ಪಾಯ ಎಷ್ಟೋ ಕಡೆ ಹಾಗೇ ಬಿಟ್ಟಿದಾರೆ. 2005ರಲ್ಲಿ ‘ಕ್ಲೀನ್’ ಅಂತ ಘೋಷಣೆ, ಸುಮಾರು 700 ಕೋಟಿ ಡಾಲರ್ ಖರ್ಚು, ಈಗ ಸುತ್ತಲಿನ ಜಾಗ ವನ್ಯಜೀವಿ ಧಾಮ, 2018ರಿಂದ ಜನ ವಾಕಿಂಗ್ ಹೋಗ್ತಾರೆ. ಮಧ್ಯದ ಭಾಗಕ್ಕೆ ಇವತ್ತಿಗೂ ಯಾರನ್ನೂ ಬಿಡಲ್ಲ. 651 ಕ್ಲೀನೋ 50 ಕ್ಲೀನೋ? ಅಲ್ಲಿನ ಜನ ಸುಮ್ನಿದ್ದಿದ್ರೆ 651ನ್ನೇ ಕ್ಲೀನ್ ಅಂತಿದ್ರು, ಅಷ್ಟು ನೆನಪಿಟ್ಕೊಳಿ.

ಸಾಗಿಸೋದೂ ಸುಲಭ ಅಲ್ಲ. ನ್ಯೂ ಮೆಕ್ಸಿಕೋದಲ್ಲಿ 650 ಮೀಟರ್ ಆಳದ ಉಪ್ಪಿನ ಪದರದಲ್ಲಿ ಇಂಥ ಕಸ ಹೂಳೋ ಗಣಿ ಇದೆ, 1999ರಿಂದ. 2014ರಲ್ಲಿ ಅಲ್ಲೊಂದು ಡ್ರಮ್ ಒಳಗೇ ಕಾದು ಒಡೀತು. ಕಾರಣ ಏನು ಗೊತ್ತಾ, ದ್ರವ ಹೀರ್ಕೊಳ್ಳೋಕೆ ಬೆಕ್ಕಿನ ಕಕ್ಕಸಿಗೆ ಹಾಕೋ ಪುಡಿ ಬಳಸ್ತಾರೆ, ಜೇಡಿಮಣ್ಣಿಂದು ಹಾಕೋ ಬದ್ಲು ಗೋಧಿಯಿಂದ ಮಾಡಿದ್ದು ಹಾಕ್ಬಿಟ್ಟಿದಾರೆ. ಒಳಗೆ ನೈಟ್ರೇಟ್ ಲವಣ, ಉರಿಯೋ ಪದಾರ್ಥ ಪಕ್ಕ ಸಿಕ್ರೆ ಬಿಸಿ ಏರಿಸೋದು. ಪಿಯುಸಿ ಹುಡುಗ್ರೂ ಹೇಳ್ತಾರೆ, ನೈಟ್ರೇಟ್ ಪಕ್ಕ ಹಿಟ್ಟು ಇಡ್ಬಾರ್ದು ಅಂತ. ಗಣಿ ಹೆಚ್ಚುಕಮ್ಮಿ 3 ವರ್ಷ ಬಂದ್ ಆಯ್ತು.

ಸರಸ್ವತಿಪುರಂ_ಅಮ್ಮ:
ಮೇಷ್ಟ್ರೇ, ಬೆಕ್ಕಿನ ವಿಷಯ ಓದಿ ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ. ಮಗಳು ಏನೋ ‘ಗಾಜು ಮಾಡ್ತಿದಾರೆ’ ಅಂದ್ಲು, ಅದೇನು?

ಮದ್ದೂರ್_ಹುಡ್ಗ:
ಅದು ನಾನ್ ಹೇಳ್ತೀನಿ ಅಮ್ಮ, ನಮ್ಮದು ಆಲೆಮನೆ ಇದ್ದ ಮನೆ. ಕಬ್ಬಿನ ಹಾಲು ಹಾಗೇ ಇಟ್ರೆ ಹುಳಿಯಾಗುತ್ತೆ, ಚೆಲ್ಲುತ್ತೆ, ಕೊಡ ತೂತಾದ್ರೆ ಸೋರೋಗುತ್ತೆ. ಅದನ್ನೇ ಕೊಪ್ಪರಿಗೆಲಿ ಕಾಯ್ಸಿ ಪಾಕ ಮಾಡಿ ಅಚ್ಚಿಗೆ ಹುಯ್ದ್ರೆ ಬೆಲ್ಲ, ಇಟ್ಟ ಜಾಗದಲ್ಲೇ ಇರುತ್ತೆ. ಇಲ್ಲೂ ಅಷ್ಟೇ, ಟ್ಯಾಂಕಿನ ಬಗ್ಗಡಕ್ಕೆ ಗಾಜಿನ ಸಾಮಾನು ಬೆರ್ಸಿ ಸುಮಾರು 1,150 ಡಿಗ್ರಿಲಿ ಕರಗ್ಸಿ ಸ್ಟೀಲ್ ಪೀಪಾಯಿಗೆ ಹುಯ್ತಾರೆ. ಆರಿದ್ಮೇಲೆ ಗಾಜಿನ ದಿಮ್ಮಿ. ವಿಷ ಅದ್ರೊಳಗೇ ಇರುತ್ತೆ, ಆದ್ರೆ ಹರಿಯಲ್ಲ. ಬೆಲ್ಲ ನೀರಲ್ಲಿ ಕರಗುತ್ತೆ, ಇದು ಸುಲಭಕ್ಕೆ ಕರಗಲ್ಲ, ಅಷ್ಟೇ ವ್ಯತ್ಯಾಸ.

ಕಾರ್ಖಾನೆ ಕಟ್ಟೋಕೆ ಶುರು ಮಾಡಿದ್ದು 2002, ಮೊದಲ ಗಾಜು ಬಂದಿದ್ದು 2025ರ ಅಕ್ಟೋಬರ್. 23 ವರ್ಷ! ಅದೂ ಕಡಿಮೆ ವಿಕಿರಣದ ಭಾಗಕ್ಕೆ ಮಾತ್ರ, ಜಾಸ್ತಿ ಇರೋದಕ್ಕೆ ಇನ್ನೂ ಕಟ್ತಾನೇ ಇದಾರೆ. ಇಷ್ಟಾದ್ರೂ ಆಗಿದ್ದು ಯಾಕೆ ಅಂದ್ರೆ 1989ರಲ್ಲಿ ರಾಜ್ಯ ಸರ್ಕಾರ, ಕೇಂದ್ರದ ಇಂಧನ ಇಲಾಖೆ, ಪರಿಸರ ಸಂಸ್ಥೆ ಮೂರೂ ಸೇರಿ ಗಡುವು ಹಾಕಿ ಒಪ್ಪಂದ ಮಾಡ್ಕೊಂಡ್ವು, ಗಡುವು ತಪ್ಪಿದಾಗ ರಾಜ್ಯದೋರು ಕೋರ್ಟಿಗೆ ಎಳೆದ್ರು. ಕಾವೇರಿಗೆ ನಾವು ಹೋಗ್ತೀವಲ್ಲ, ಹಂಗೇ.

ಎಲ್ಲಾ_ಗೊತ್ತು_ಬುಡಿ:
ಬೆಲ್ಲದ ಮಾತು ಒಪ್ದೆ ಕಣಪ್ಪ. ಆದ್ರೂ ಸ್ವಂತ ಬೋರ್ ಇದ್ರೆ ಬ್ಯಾಡ ಅನ್ನಿ ಅಮ್ಮ.

ಸರಸ್ವತಿಪುರಂ_ಅಮ್ಮ:
ನಿನ್ನೆ ರಾತ್ರಿ ಮಗಳ ಹತ್ರ ಮಾತಾಡ್ದೆ. ಬೋರ್ ಇಲ್ವಂತೆ, ಊರಿನ ನಲ್ಲಿ ನೀರೇ, ರಿಪೋರ್ಟ್ ತರಿಸ್ಕೊಂಡು ಅಳಿಯಂದ್ರು ಕೂತು ಓದಿದಾರೆ, ನಂಗೂ ಫೋಟೋ ಕಳ್ಸಿದಾರೆ, ಅರ್ಧ ಅರ್ಥ ಆಗ್ಲಿಲ್ಲ. ಮೇಷ್ಟ್ರೇ, ನಿಮ್ಗೆ ಮೆಸೇಜ್ ಮಾಡಿದೀನಿ, ಪುರುಸೊತ್ತಾದಾಗ ನೋಡಿ. ಮನೆ ಬೇಡ ಅಂತ ನಾನು ಹೇಳ್ಲಿಲ್ಲ. ಕರಿಬೇವಿನ ಗಿಡ ಮಾತ್ರ ಕುಂಡದಲ್ಲಿ, ಅಂಗಡಿಯಿಂದ ತಂದ ಮಣ್ಣಲ್ಲೇ ಇರ್ಲಿ ಅಂದೆ. ಅದಕ್ಕೆ ನಕ್ಕಳು, “ಅಮ್ಮ, ಇಲ್ಲಿನ ಚಳಿಗೆ ಅದು ಹೇಗೂ ನೆಲದಲ್ಲಿ ಬದುಕಲ್ಲ, ಅಡುಗೆಮನೆ ಕಿಟಕೀಲೇ ಇಟ್ಟಿದೀನಿ” ಅಂತ.