ಅಡುಗೆಮನೆ ಗೋಡೆಗೆ ಮತ್ತೆ ಡಿಸ್ಟೆಂಪರ್ ಹೊಡೆಸಬಹುದಾ?

ಪ್ರಶ್ನೆ: ಬಳ್ಳಾರಿಯಲ್ಲಿ ಹಳೇ ಮನೆ. ಅಡುಗೆಕಟ್ಟೆ ಮೇಲೆ ಎರಡಡಿ ಟೈಲ್ಸ್, ಅದರ ಮೇಲೆಲ್ಲ ಡಿಸ್ಟೆಂಪರ್ (ಸೀಮೆಸುಣ್ಣದ ಪುಡಿ ಬೆರೆತ ಅಗ್ಗದ ಗೋಡೆ ಬಣ್ಣ). ಮಿರ್ಚಿ ಕರಿದು ಕರಿದು ಒಲೆ ಹಿಂದಿನ ಗೋಡೆಗೆ ಹಳದಿ ಜಿಡ್ಡು ಕೂತಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಜಿಡ್ಡು ಅಲ್ಲೇ ಇರುತ್ತೆ, ಬಣ್ಣ ಬಟ್ಟೆಗೆ ಬರುತ್ತೆ. ಪೇಂಟರ್ ಮತ್ತೆ ಅದನ್ನೇ ಹೊಡೆಯೋಣ ಅಂತಾರೆ.

ಉತ್ತರ: ಬೇಡ್ರೀ. ಅಗ್ಗ ಅಂತ ಹೇಳ್ತಾರೆ ಅಷ್ಟೇ. ಅಕ್ರಿಲಿಕ್ ಎಮಲ್ಷನ್ ತಗೊಳ್ಳಿ, ಅಂದ್ರೆ ಒರೆಸಬಹುದಾದ ನೀರಿನ ಬಣ್ಣ; ಅದರಲ್ಲೂ ತೆಳು ಹೊಳಪಿನ ಸ್ಯಾಟಿನ್ ಫಿನಿಶ್. ಹೊಳಪಿಲ್ಲದ ಮ್ಯಾಟ್ ಹಾಲ್‌ಗೆ ಚೆಂದ, ಅಡುಗೆಮನೆಯಲ್ಲಿ ಉಜ್ಜಿದ ಕಡೆ ಕಲೆ ಉಳಿಯುತ್ತೆ.

ಉತ್ತರ: ಸ್ಯಾಟಿನ್ ಸರಿ, ಆದರೆ ಹೊಳಪು ಜಾಸ್ತಿ ಆದಷ್ಟೂ ಗೋಡೆಯ ಉಬ್ಬುತಗ್ಗು ಎದ್ದು ಕಾಣುತ್ತೆ, ಅದಕ್ಕೆ ಪುಟ್ಟಿ ಕೆಲಸ ನಿಂತು ಮಾಡಿಸಿ. ಮೊದಲು ಬಿಸಿನೀರು, ಸೋಪಿನಲ್ಲಿ ಜಿಡ್ಡು ತೆಗೆಸಿ, ಹಳೇ ಡಿಸ್ಟೆಂಪರ್ ಕೆರೆಸಿ. ಅದರ ಮೇಲೇ ಹೊಡೆದರೆ ಎಮಲ್ಷನ್ ಹಪ್ಪಳದ ಹಾಗೆ ಏಳುತ್ತೆ. ಆಮೇಲೆ ಪುಟ್ಟಿ, ಉಪ್ಪುಕಾಗದ, ಬಣ್ಣ ಹಿಡಿಯೋಕೆ ಪ್ರೈಮರ್, ಎರಡು ಕೋಟು. ನಮ್ಮ ರಾಯಚೂರು ಕಡೆ ಬೇಸಿಗೆಯಲ್ಲಿ ಕಾದ ಗೋಡೆಗೆ ಹೊಡೆದರೆ ಬಣ್ಣ ಬೇಗ ಒಣಗಿ ರೋಲರ್ ಪಟ್ಟೆ ಉಳಿಯುತ್ತೆ, ಬಿಸಿಲೇರೋ ಮುಂಚೆ ಮುಗಿಸಲಿ.

ಪ್ರಶ್ನೆ ಕೇಳಿದವರು: ಆಯಿಲ್ ಪೇಂಟ್ ಆದರೆ? ತೊಳೆಯೋಕೆ ಸುಲಭ ಅಲ್ವಾ?

ಉತ್ತರ: ತೊಳೆಯಬಹುದು, ಆದರೆ ವಾಸನೆ ಬೇಗ ಹೋಗಲ್ಲ, ಬಿಳಿ ಬಣ್ಣ ಬರ್ತಾ ಬರ್ತಾ ಹಳದಿಯಾಗುತ್ತೆ. ಬಾಗಿಲಿಗೆ ಇಟ್ಟುಕೊಳ್ಳಿ. ಮಿರ್ಚಿ ದಿನಾ ಕರಿತೀರಿ ಅಂದ್ರೆ ಒಲೆ ಹಿಂದೆ ಇನ್ನೆರಡಡಿ ಟೈಲ್ಸೇ ಹಾಕಿಸಿ.